ಟಿಕೆಟ್ ಕೇಳದ ಇಂಗ್ಲೆಂಡ್: ರೊಮೇನಿಯಾದಿಂದ ಬಂದವರ ದುಡಿಮೆ ಮತ್ತು ತಿರುಗಾಟ

ಇಂಗ್ಲೆಂಡ್ ಮತ್ತು ವೇಲ್ಸ್‌ನ 2011ರ ಜನಗಣತಿಯಲ್ಲಿ ರೊಮೇನಿಯಾದಲ್ಲಿ ಹುಟ್ಟಿದವರ ಸಂಖ್ಯೆ ಸುಮಾರು 80,000 ಇತ್ತು. 2021ರ ಗಣತಿಯ ಹೊತ್ತಿಗೆ ಅದು 5,39,000ಕ್ಕೆ ಏರಿತು. ಹೊರದೇಶಗಳಲ್ಲಿ ಹುಟ್ಟಿ ಅಲ್ಲಿ ನೆಲೆಸಿರುವವರ ಪೈಕಿ ಭಾರತ, ಪೋಲೆಂಡ್ ಮತ್ತು ಪಾಕಿಸ್ತಾನದವರನ್ನು ಬಿಟ್ಟರೆ ರೊಮೇನಿಯಾದವರೇ ಹೆಚ್ಚು. ಇಷ್ಟು ಬೇಗ ಬೆಳೆದ ಸಮುದಾಯದ ಬಗ್ಗೆ ಅಲ್ಲಿನ ಪತ್ರಿಕೆಗಳಲ್ಲಿ ಬಂದ ಬರಹಗಳು ಬಹುಮಟ್ಟಿಗೆ ಎರಡು ಪ್ರಶ್ನೆಗಳ ಸುತ್ತಲೇ ಸುತ್ತಿವೆ: ಬಂದವರು ಎಷ್ಟು ಮಂದಿ, ಅವರಿಂದ ಆಗುವ ಕೆಲಸ ಎಷ್ಟು. ನಾನು ಇಂದು ನಿಮ್ಮ ಮುಂದೆ ಇಡಬೇಕೆಂದಿರುವುದು ಬೇರೆ ಸಂಗತಿ. ಹೀಗೆ ಬಂದವರು ಅಲ್ಲಿ ದಿನ ಹೇಗೆ ಕಳೆಯುತ್ತಾರೆ, ರಜೆ ಸಿಕ್ಕ ದಿನ ಆ ದೇಶವನ್ನು ಹೇಗೆ ನೋಡುತ್ತಾರೆ ಎಂಬುದು.

ನಾನು ಕೆಲವು ವರ್ಷ ವಾಯವ್ಯ ಲಂಡನ್ನಿನಲ್ಲಿದ್ದಾಗ ಅಲ್ಲಿನ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಸಂಜೆ ಹೊತ್ತು ಹೊಸಬರಿಗೆ ಇಂಗ್ಲಿಷ್ ಹೇಳಿಕೊಡುವ ತಂಡದಲ್ಲಿದ್ದೆ. ತರಗತಿಗೆ ಬರುತ್ತಿದ್ದ ರೊಮೇನಿಯನ್ನರಲ್ಲಿ ಉತ್ತರದ ಸುಚಾವಾ ಪ್ರಾಂತ್ಯದ ಒಬ್ಬ ಬಡಗಿ ಮತ್ತು ಅವರ ಹೆಂಡತಿ ನನಗೆ ಚೆನ್ನಾಗಿ ಪರಿಚಯವಾದರು. ಆಕೆ ವೃದ್ಧರ ಆರೈಕೆಯ ಮನೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ನಾನು ಹೇಳುವುದರಲ್ಲಿ ಬಹಳಷ್ಟು ಆ ಇಬ್ಬರಿಂದ ಕೇಳಿದ್ದು, ಕೆಲವನ್ನು ಅವರ ಜೊತೆಯಲ್ಲೇ ಹೋಗಿ ಕಂಡದ್ದು. ಅವರನ್ನು ನೋಡುತ್ತ ನನಗೆ ಗಟ್ಟಿಯಾದ ಅಭಿಪ್ರಾಯವೊಂದಿದೆ. ದುಡಿಯಲು ಬಂದವರಿಗೆ ಇಂಗ್ಲೆಂಡಿನ ಕಾಗದಪತ್ರದ ಬಾಗಿಲುಗಳು ತಡವಾಗಿ, ಒಂದೊಂದಾಗಿ ತೆರೆಯುತ್ತವೆ. ಅದೇ ದೇಶದ ಉದ್ಯಾನಗಳು, ಗ್ರಂಥಾಲಯಗಳು, ವಸ್ತುಸಂಗ್ರಹಾಲಯಗಳು, ಕಾಲುದಾರಿಗಳು ಮೊದಲ ದಿನದಿಂದಲೇ ಅವರ ಮುಂದೆ ತೆರೆದಿರುತ್ತವೆ. ಹೊಸಬರು ಆ ನೆಲವನ್ನು ತಮ್ಮದಾಗಿಸಿಕೊಳ್ಳುವುದು ಈ ಎರಡನೆಯ ದಾರಿಯಿಂದಲೇ.

ಮೊದಲು ಅವರು ಬಂದ ಬಗೆಯನ್ನು ಸ್ವಲ್ಪ ಹೇಳುತ್ತೇನೆ. ರೊಮೇನಿಯಾ ಐರೋಪ್ಯ ಒಕ್ಕೂಟವನ್ನು ಸೇರಿದ್ದು 2007ರ ಜನವರಿ 1ರಂದು, ಬಲ್ಗೇರಿಯಾದ ಜೊತೆಯಲ್ಲಿ. ಆದರೆ ಬ್ರಿಟನ್ ತನ್ನ ಉದ್ಯೋಗ ಮಾರುಕಟ್ಟೆಯನ್ನು ಅವರಿಗೆ ಪೂರ್ತಿಯಾಗಿ ತೆರೆದದ್ದು ಏಳು ವರ್ಷಗಳ ಮೇಲೆ, 2014ರ ಜನವರಿ 1ರಂದು. ಆ ನಡುವಿನ ಅವಧಿಯಲ್ಲಿ ಸಂಬಳದ ಕೆಲಸಕ್ಕೆ ಬಹುತೇಕ ಎಲ್ಲರೂ ಅನುಮತಿ ಪಡೆಯಬೇಕಿತ್ತು. ಸ್ವಂತ ಉದ್ಯೋಗಕ್ಕೆ ಮಾತ್ರ ತಡೆ ಇರಲಿಲ್ಲ. ಹೊಲಗಳಲ್ಲಿ ಹಣ್ಣು ತರಕಾರಿ ಕೊಯ್ಯಲು ಋತುಮಾನದ ಕೆಲಸಗಾರರ ಯೋಜನೆಯೊಂದಿತ್ತು, 2008ರಿಂದ ಅದನ್ನು ಈ ಎರಡು ದೇಶದವರಿಗೇ ಮೀಸಲಿಟ್ಟಿದ್ದರು. ಹೀಗಾಗಿ ಆ ಕಾಲದಲ್ಲಿ ಬಂದವರಲ್ಲಿ ಬಹಳ ಮಂದಿ ಒಂದೋ ಸ್ಟ್ರಾಬೆರಿ ತೋಟ ಸೇರಿದರು, ಇಲ್ಲವೇ ಕಟ್ಟಡ ಕೆಲಸದಲ್ಲಿ ಸ್ವಂತ ಉದ್ಯೋಗಿಯೆಂದು ಹೆಸರು ಬರೆಸಿಕೊಂಡರು. ಇಂದಿಗೂ ಲಂಡನ್ನಿನ ಕಟ್ಟಡಗಳಲ್ಲಿ ರೊಮೇನಿಯನ್ ಬಡಗಿ, ಗಾರೆಯವರು, ಪೇಂಟರುಗಳು ಅಷ್ಟೊಂದು ಕಾಣಲು ಆ ಕಾಯಿದೆಯೂ ಒಂದು ಕಾರಣ.

2014ರ ಆ ಹೊಸ ವರ್ಷದ ದಿನದ ಬಗ್ಗೆ ಒಂದು ಮಾತು. ಲಕ್ಷಗಟ್ಟಲೆ ಜನ ಒಮ್ಮೆಲೇ ನುಗ್ಗುತ್ತಾರೆಂದು ಪತ್ರಿಕೆಗಳು ತಿಂಗಳುಗಟ್ಟಲೆ ಬರೆದಿದ್ದವು. ಇಬ್ಬರು ಸಂಸದರು ಬೆಳಗ್ಗೆಯೇ ಲೂಟನ್ ವಿಮಾನ ನಿಲ್ದಾಣಕ್ಕೆ ಹೋಗಿ ನಿಂತರು. ಇಳಿದವರಲ್ಲಿ ಹೆಚ್ಚಿನವರು ಮೊದಲೇ ಬ್ರಿಟನ್ನಿನಲ್ಲಿ ಕೆಲಸಕ್ಕಿದ್ದು, ಕ್ರಿಸ್ಮಸ್‌ಗೆಂದು ಊರಿಗೆ ಹೋಗಿ ಮರಳುತ್ತಿದ್ದವರು. ಜನ ಬಂದದ್ದು ಆಮೇಲೆ, ಸದ್ದಿಲ್ಲದೆ, ಅಣ್ಣನ ಹಿಂದೆ ತಮ್ಮ, ಊರವರ ಹಿಂದೆ ಊರವರು ಎಂಬಂತೆ.

ಇಳಿದ ಮೊದಲ ವಾರಗಳ ಪಾಡು ಇನ್ನೊಂದು ಕತೆ. ಬ್ಯಾಂಕ್ ಖಾತೆ ತೆರೆಯಲು ವಿಳಾಸದ ಪುರಾವೆ ಬೇಕು. ವಿಳಾಸಕ್ಕೆ ಬಾಡಿಗೆ ಕರಾರು ಬೇಕು. ಕರಾರಿಗೆ ಮನೆ ಏಜೆಂಟರು ಮೂರು ತಿಂಗಳ ಪೇಸ್ಲಿಪ್ ಕೇಳುತ್ತಾರೆ. ಸಂಬಳ ಹಾಕಲು ಮಾಲೀಕರು ಬ್ಯಾಂಕ್ ಖಾತೆ ಕೇಳುತ್ತಾರೆ. ಈ ಸುತ್ತಿನಿಂದ ಹೊರಬರಲು ಹೆಚ್ಚಿನವರು ಹಿಡಿಯುವ ದಾರಿಯೆಂದರೆ, ಮೊದಲೇ ಬಂದು ನೆಲೆಸಿದ ತಮ್ಮವರ ಮನೆಯಲ್ಲಿ ಒಂದು ಕೋಣೆ ಹಿಡಿಯುವುದು. ಬಾಡಿಗೆ ನಗದಾಗಿ ಕೊಡಬೇಕು, ಕರಾರು ಬಾಯಿಮಾತಿನದು. ಇದರಿಂದ ಕೆಲಸ ಆಗುತ್ತದೆ, ಆದರೆ ಅಪಾಯವೂ ಇದೆ. ಸಾಮಾನ್ಯ ಬಾಡಿಗೆದಾರರು ಕೊಟ್ಟ ಮುಂಗಡವನ್ನು ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದರಲ್ಲಿ ಇಡಬೇಕೆಂದು 2007ರಿಂದ ಕಾಯಿದೆಯಿದೆ. ಮನೆಯವರ ಜೊತೆಯಲ್ಲೇ ಒಂದು ಕೋಣೆಯಲ್ಲಿ ಇರುವವರಿಗೆ ಆ ರಕ್ಷಣೆ ಇಲ್ಲ. ನಮ್ಮ ತರಗತಿಯಲ್ಲಿ ಮುಂಗಡ ಕಳೆದುಕೊಂಡವರು ಒಬ್ಬಿಬ್ಬರಲ್ಲ.

ಆ ಬಡಗಿ ದಂಪತಿಗಳು ಹಿಡಿದಿದ್ದ ಮೊದಲ ಮನೆಯ ವಿದ್ಯುತ್ ಮೀಟರಿನ ಸಂಗತಿಯನ್ನು ನಿಮಗೆ ಬಿಡಿಸಿ ಹೇಳಬೇಕು, ಏಕೆಂದರೆ ಬಡವರ ಇಂಗ್ಲೆಂಡ್ ಹೇಗೆ ನಡೆಯುತ್ತದೆಂಬುದು ಅದರಲ್ಲಿ ಕಾಣುತ್ತದೆ. ಅದು ಮೊದಲೇ ದುಡ್ಡು ಹಾಕಬೇಕಾದ ಮೀಟರು. ಪ್ಲಾಸ್ಟಿಕ್ಕಿನ ಒಂದು ಸಣ್ಣ ಕೀ ಇರುತ್ತದೆ. ಅದನ್ನು ಬೀದಿಯ ಅಂಗಡಿಗೆ ಒಯ್ದು ಹತ್ತೋ ಇಪ್ಪತ್ತೋ ಪೌಂಡ್ ಕೊಟ್ಟು ತುಂಬಿಸಿಕೊಂಡು ಬಂದು ಮೀಟರಿಗೆ ಸಿಕ್ಕಿಸಿದರೆ ದೀಪ ಉರಿಯುತ್ತದೆ. ಇವರು ತುಂಬಿಸಿದ ದುಡ್ಡು ಲೆಕ್ಕಕ್ಕಿಂತ ಬೇಗ ಕರಗುತ್ತಿತ್ತು. ಹೀಟರ್ ಆರಿಸಿದರು, ಸ್ನಾನದ ನೀರು ಕಡಿಮೆ ಮಾಡಿದರು, ಆದರೂ ಹಾಗೆಯೇ. ಕೊನೆಗೆ ಗ್ರಂಥಾಲಯದ ಸಲಹಾ ಮೇಜಿನಲ್ಲಿ ವಿಚಾರಿಸಿದಾಗ ತಿಳಿದದ್ದು, ಹಿಂದಿನ ಬಾಡಿಗೆದಾರರು ಉಳಿಸಿಹೋದ ಸಾಲ ಮೀಟರಿನಲ್ಲೇ ಕುಳಿತಿತ್ತು, ವಾರ ವಾರವೂ ಇವರ ದುಡ್ಡಿನಿಂದ ಕಡಿತವಾಗುತ್ತಿತ್ತು. ಮನೆ ಬದಲಾದದ್ದನ್ನು ಕಂಪನಿಗೆ ತಿಳಿಸಿ ಲೆಕ್ಕ ಸರಿಪಡಿಸಿಕೊಳ್ಳುವ ಹಕ್ಕು ಅವರಿಗಿತ್ತು. ಹಾಗೆಂದು ಹೇಳುವವರು ಯಾರೂ ಇರಲಿಲ್ಲ, ಅಷ್ಟೇ.

ವೈದ್ಯರ ವಿಷಯವೂ ಇಂಥದೇ. ಇಂಗ್ಲೆಂಡಿನಲ್ಲಿ ಕುಟುಂಬ ವೈದ್ಯರ ಚಿಕಿತ್ಸಾಲಯದಲ್ಲಿ ಹೆಸರು ನೋಂದಾಯಿಸಲು ವಿಳಾಸದ ಪುರಾವೆಯಾಗಲಿ ವಲಸೆಯ ದಾಖಲೆಯಾಗಲಿ ಕಡ್ಡಾಯವಲ್ಲ. ಎದುರು ಮೇಜಿನವರು ಕೇಳಿಬಿಡುತ್ತಾರೆ; ಕೇಳಿದೊಡನೆ ಹೊಸಬರು ಹಿಂದಿರುಗುತ್ತಾರೆ. ಬ್ರಿಟನ್ನಿಗೆ ಹೋಗುವ ನಮ್ಮವರೂ ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ದುಡಿಮೆಯ ವಿವರಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಕಟ್ಟಡ ಕೆಲಸದಲ್ಲಿ ಸ್ವಂತ ಉದ್ಯೋಗಿಯಾಗಿ ನೋಂದಾಯಿಸಿಕೊಂಡವರ ಕೂಲಿಯಿಂದ ಗುತ್ತಿಗೆದಾರರು ಶೇ. 20ರಷ್ಟನ್ನು ತೆರಿಗೆಗೆಂದು ಹಿಡಿದುಕೊಳ್ಳುತ್ತಾರೆ, ನೋಂದಣಿ ಇಲ್ಲದಿದ್ದರೆ ಶೇ. 30. ವರ್ಷದ ಕೊನೆಗೆ ಲೆಕ್ಕ ಸಲ್ಲಿಸಿದರೆ ಅದರಲ್ಲಿ ಒಂದು ಪಾಲು ಮರಳಿ ಬರುತ್ತದೆ. ಊರಿನಲ್ಲಿ ಮನೆಗೆ ಹೊಸ ಮಾಡು ಹಾಕಿಸುವುದು, ಮಗಳ ಮದುವೆ ಮಾಡುವುದು ಎಲ್ಲವೂ ಆ ಹಣ ಬರುವ ತಿಂಗಳನ್ನು ನೋಡಿಕೊಂಡೇ. ತೋಟದ ಕೆಲಸದವರ ಬಗ್ಗೆ ಒಂದೇ ನೆನಪು ಸಾಕು. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದಾಗಿ ಇಡೀ ಯುರೋಪು ಮನೆಯೊಳಗೆ ಕುಳಿತಿದ್ದಾಗ, ಕೊಯ್ಲಿಗೆ ಜನರಿಲ್ಲವೆಂದು ರೊಮೇನಿಯಾದಿಂದ ವಿಶೇಷ ವಿಮಾನದಲ್ಲಿ ಕೆಲಸಗಾರರನ್ನು ಸ್ಟ್ಯಾನ್‌ಸ್ಟೆಡ್ ನಿಲ್ದಾಣಕ್ಕೆ ಕರೆಸಿಕೊಂಡರು. ಆರು ವರ್ಷಗಳ ಹಿಂದೆ ಬಂದೀರೆಂದು ಹೆದರಿದ್ದ ದೇಶ ಅಂದು ಬನ್ನಿ ಎಂದು ಕರೆದಿತ್ತು.

ಇನ್ನು ಊಟ ಮತ್ತು ಭಾನುವಾರ. ಲಂಡನ್ನಿನಲ್ಲಿ ರೊಮೇನಿಯನ್ನರು ಹೆಚ್ಚಾಗಿರುವುದು ಬರ್ನ್ಟ್ ಓಕ್, ಎಡ್ಜ್‌ವೇರ್, ಹ್ಯಾರೋ ಸುತ್ತಮುತ್ತ. ಹ್ಯಾರೋದಲ್ಲಿ ಭಾರತೀಯರೂ ಬಹಳ, ಆದ್ದರಿಂದ ಅವರ ಅಂಗಡಿ ನಮ್ಮ ಅಂಗಡಿ ಅಕ್ಕಪಕ್ಕದಲ್ಲೇ ಇರುತ್ತವೆ. ಅವರ ಅಂಗಡಿಯಲ್ಲಿ ಉಪ್ಪುನೀರಿನಲ್ಲಿ ಹುಳಿಬರಿಸಿದ ಇಡೀ ಎಲೆಕೋಸು ಸಿಗುತ್ತದೆ. ಅದರ ಎಲೆಯಲ್ಲಿ ಮಾಂಸ ಮತ್ತು ಅಕ್ಕಿ ಸುತ್ತಿ ಗಂಟೆಗಟ್ಟಲೆ ಬೇಯಿಸಿದರೆ ಸರ್ಮಾಲೆ. ಅದರ ಜೊತೆಗೆ ಮಮಲಿಗಾ, ಅಂದರೆ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಕೋಲಿನಿಂದ ತೊಳಸಿ ಗಟ್ಟಿ ಮಾಡಿದ್ದು. ಅದನ್ನು ತಟ್ಟೆಗೆ ಮಗುಚಿದಾಗ ನಮ್ಮ ಮುದ್ದೆಯನ್ನೇ ನೋಡಿದಂತಾಗುತ್ತದೆ, ಬಣ್ಣ ಮಾತ್ರ ಹಳದಿ. ಊರಿನಿಂದ ವ್ಯಾನುಗಳು ಬರುತ್ತವೆ. ಮನೆ ಬಾಗಿಲಲ್ಲಿ ಪೆಟ್ಟಿಗೆ ಎತ್ತಿಕೊಂಡು ಯುರೋಪನ್ನು ಅಡ್ಡಲಾಗಿ ದಾಟಿ ಲಂಡನ್ನಿನ ಮನೆ ಬಾಗಿಲಿಗೆ ಇಳಿಸುವ ವ್ಯಾನುಗಳು ಅವು. ಬರುವಾಗ ಸುಟ್ಟ ಬದನೆ, ದಪ್ಪ ಮೆಣಸಿನಕಾಯಿಗಳಿಂದ ಅಮ್ಮ ಮಾಡಿದ ಜಕುಸ್ಕಾದ ಶೀಶೆಗಳು. ಹೋಗುವಾಗ ಮಕ್ಕಳಿಗೆ ಬಟ್ಟೆ, ಹಳೆಯ ಸೈಕಲ್ಲು, ಡ್ರಿಲ್ಲಿಂಗ್ ಯಂತ್ರ.

ಬರ್ನ್ಟ್ ಓಕಿನ ಅಂಗಡಿಬೀದಿ ಮಾಮೂಲು ಬೀದಿಯಲ್ಲ. ಮಾರ್ಬಲ್ ಆರ್ಚ್‌ನಿಂದ ಎಡ್ಜ್‌ವೇರ್‌ವರೆಗೆ ನೇರವಾಗಿ ಸಾಗುವ ಆ ರಸ್ತೆ ರೋಮನ್ನರ ಕಾಲದ ವಾಟ್ಲಿಂಗ್ ಸ್ಟ್ರೀಟ್. ಅಲ್ಲಿನ ಹಳೆಯ ವಸತಿ ಬಡಾವಣೆಗೆ ಇಂದಿಗೂ ವಾಟ್ಲಿಂಗ್ ಎಂದೇ ಹೆಸರು. ತಾವು ರೋಮನ್ನರ ವಂಶದವರೆಂದು ಶಾಲೆಯಲ್ಲಿ ಓದಿಕೊಂಡು ಬಂದ ಜನ ಆ ರಸ್ತೆಯ ಮೇಲೇ ತರಕಾರಿ ಕೊಳ್ಳುತ್ತಾರೆಂಬುದು ನನಗೆ ತುಂಬಾ ಇಷ್ಟದ ಸಂಗತಿ.

ಭಾನುವಾರ ಪೂಜೆಗೆ ಹೋಗುವವರಿಗೆ ಫ್ಲೀಟ್ ಸ್ಟ್ರೀಟಿನ ಸೇಂಟ್ ಡನ್‌ಸ್ಟನ್ ಇಗರ್ಜಿಯಿದೆ. ಅದು ಇಂಗ್ಲೆಂಡಿನ ಚರ್ಚಿಗೆ ಸೇರಿದ್ದು, ಆದರೆ ಒಳಗೆ ರೊಮೇನಿಯನ್ ಆರ್ಥಡಾಕ್ಸ್ ಸಮುದಾಯಕ್ಕೂ ಜಾಗ ಕೊಟ್ಟಿದ್ದಾರೆ. ಬುಕಾರೆಸ್ಟಿನ ಆಂತಿಮ್ ಮಠದಿಂದ 1966ರಲ್ಲಿ ತಂದ ಸಂತರ ಚಿತ್ರಗಳ ಮರದ ಪರದೆ ಅಲ್ಲಿದೆ. ಹೊರಗೋಡೆಯ ಮೇಲೆ 1671ರ ಗಡಿಯಾರ, ಎರಡು ದೈತ್ಯಮೂರ್ತಿಗಳು ಗಂಟೆ ಬಾರಿಸುತ್ತವೆ. ನಿಮಿಷದ ಮುಳ್ಳಿದ್ದ ಲಂಡನ್ನಿನ ಮೊದಲ ಸಾರ್ವಜನಿಕ ಗಡಿಯಾರ ಅದೆನ್ನುತ್ತಾರೆ. ಅವರ ಈಸ್ಟರ್ ಬೇರೆ ಪಂಚಾಂಗದ ಪ್ರಕಾರ ಬರುವುದರಿಂದ ಅಂದು ರಜೆ ಸಿಗುವುದು ಅಪರೂಪ. 2024ರಲ್ಲಿ ಇಂಗ್ಲಿಷರ ಈಸ್ಟರ್ ಮಾರ್ಚ್ 31ಕ್ಕೆ ಮುಗಿದಿತ್ತು, ಇವರದು ಮೇ 5ಕ್ಕೆ. ಅದೃಷ್ಟಕ್ಕೆ ಮರುದಿನ ಸೋಮವಾರ ಮೇ ತಿಂಗಳ ಬ್ಯಾಂಕ್ ರಜೆ, ಅಂದರೆ ಸಾರ್ವಜನಿಕ ರಜೆಯಾಗಿತ್ತು. ನಡುರಾತ್ರಿ ಮೇಣದಬತ್ತಿ ಹಿಡಿದು ನಿಂತು, ಬೆಳಗಿನ ಪಾಳಿಯ ಚಿಂತೆಯಿಲ್ಲದೆ ಮನೆಗೆ ಹೋಗಿ ಕೆಂಪು ಮೊಟ್ಟೆ ಒಡೆದ ವರ್ಷ ಅದೆಂದು ಆ ಬಡಗಿಯ ಹೆಂಡತಿ ಬಹಳ ಸಂತೋಷದಿಂದ ಹೇಳಿದ್ದರು.

ಈಗ ತಿರುಗಾಟಕ್ಕೆ ಬರುತ್ತೇನೆ. ಪ್ರವಾಸಿಗಳ ಲಂಡನ್ ದುಬಾರಿ. ಲಂಡನ್ ಗೋಪುರದ ಒಳಗೆ ಹೋಗಲು ದೊಡ್ಡವರೊಬ್ಬರಿಗೆ 30 ಪೌಂಡ್‌ಗಿಂತ ಹೆಚ್ಚು. ಇಬ್ಬರು ಮಕ್ಕಳ ಕುಟುಂಬಕ್ಕೆ ಅದು ವಾರದ ದಿನಸಿಯ ದುಡ್ಡು. ಆದರೆ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳಿಗೆ 2001ರ ಡಿಸೆಂಬರ್‌ನಿಂದ ಪ್ರವೇಶ ಶುಲ್ಕವಿಲ್ಲ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಹಗಲು ಟಿಕೆಟ್ ಕೊಳ್ಳಬೇಕು, ಸಂಜೆಯ ಪ್ರಾರ್ಥನೆಗೆ ಬಂದವರನ್ನು ಯಾರೂ ದುಡ್ಡು ಕೇಳುವುದಿಲ್ಲ. ಗಾಯನ ಕೇಳುತ್ತ ಆ ಕಮಾನುಗಳ ಕೆಳಗೆ ಕುಳಿತುಕೊಳ್ಳಬಹುದು. ಸ್ಟೋನ್‌ಹೆಂಜ್‌ಗೂ ಟಿಕೆಟ್ಟಿದೆ, ಆದರೆ ಹತ್ತಿರದಲ್ಲೇ ಹಾದುಹೋಗುವ ಸಾರ್ವಜನಿಕ ದಾರಿಯಲ್ಲಿ ನಿಂತರೂ ಕಲ್ಲುಗಳು ಚೆನ್ನಾಗಿ ಕಾಣುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಯಾರು ಬೇಕಾದರೂ ನಡೆಯಬಹುದಾದ ಇಂಥ ದಾರಿಗಳ ಒಟ್ಟು ಉದ್ದ ಸುಮಾರು 2,25,000 ಕಿಲೋಮೀಟರ್. ಅವು ಖಾಸಗಿ ಹೊಲಗಳ ನಡುವೆಯೂ ಹೋಗುತ್ತವೆ, ಜಮೀನಿನವರು ತಡೆಯುವಂತಿಲ್ಲ. ಕಾಯಿದೆಯ ಬಲದಿಂದ ಕಾಲುದಾರಿಯನ್ನು ಹೀಗೆ ಕಾಪಾಡಿಕೊಂಡಿರುವುದು ಆ ದೇಶದ ದೊಡ್ಡ ಕೆಲಸಗಳಲ್ಲಿ ಒಂದೆಂದು ನಾನು ತಿಳಿದಿದ್ದೇನೆ.

ಒಂದು ಭಾನುವಾರ ಈ ದಂಪತಿಗಳ ಜೊತೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಹೋದೆ. ಅಲ್ಲಿ ಪ್ರಸಿದ್ಧ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳನ್ನಿಟ್ಟ ಎರಡು ಎತ್ತರದ ಸಭಾಂಗಣಗಳಿವೆ. ಒಂದರಲ್ಲಿ ರೋಮ್ ನಗರದ ಟ್ರೇಜನ್ ಸ್ತಂಭದ ಅಚ್ಚಿದೆ. 1864ರಲ್ಲಿ ಮಾಡಿದ್ದು, ಅಷ್ಟು ಎತ್ತರದ ಸಭಾಂಗಣಕ್ಕೂ ಹಿಡಿಸದೆ ಎರಡು ತುಂಡುಗಳಾಗಿ ಅಕ್ಕಪಕ್ಕ ನಿಂತಿದೆ. ಟ್ರೇಜನ್ ಚಕ್ರವರ್ತಿ ಕ್ರಿ.ಶ. 101ರಿಂದ 106ರ ನಡುವೆ ಎರಡು ಬಾರಿ ಡೇಸಿಯಾದ ಮೇಲೆ ದಂಡೆತ್ತಿಹೋದ ಕತೆಯನ್ನು ಸ್ತಂಭದ ಸುತ್ತ ಸುರುಳಿಯಾಗಿ ಕೆತ್ತಿದ್ದಾರೆ. ಆ ಡೇಸಿಯಾ ಇಂದಿನ ರೊಮೇನಿಯಾ. ಬಡಗಿ ಸ್ತಂಭದ ಬುಡದಲ್ಲಿ ನಿಂತು ಡ್ಯಾನ್ಯೂಬ್ ನದಿಯನ್ನು ದೋಣಿಸೇತುವೆಯ ಮೇಲೆ ದಾಟುವ ಸೈನಿಕರಿಂದ ತೊಡಗಿ ಒಂದೊಂದೇ ಸುತ್ತನ್ನು ಓದುತ್ತ ಹೋದರು. ಮರ ಕಡಿಯುವವರು, ತೊಲೆ ಹೊರುವವರು, ಕೋಟೆಗೆ ಬೇಲಿ ಹಾಕುವವರು ಬಂದಾಗ ಕೊಡಲಿ ಹಿಡಿದ ಕೈಯ ವರಸೆ ಸರಿಯಾಗಿದೆಯೆಂದು ತೋರಿಸಿದರು. ಅವರ ಸೀಮೆಯ ವೊರೊನೆಟ್ಸ್ ಮಠದಲ್ಲಿ ಹೊರಗೋಡೆಗಳ ತುಂಬ ಚಿತ್ರಗಳಿವೆ, 16ನೆಯ ಶತಮಾನದವು. ಗೋಡೆಯ ಚಿತ್ರವನ್ನು ಸಾಲು ಹಿಡಿದು ಓದುವುದು ಅವರಿಗೆ ಚಿಕ್ಕಂದಿನಿಂದ ಅಭ್ಯಾಸ. ಮೇಲಿನ ತುಂಡಿನಲ್ಲಿ, ಸುತ್ತುವರಿದ ರೋಮನ್ ಅಶ್ವಾರೋಹಿಗಳ ನಡುವೆ ಮರದ ಕೆಳಗೆ ಕುಸಿದು ತನ್ನ ಕತ್ತಿಗೆ ತಾನೇ ಬಲಿಯಾಗುವ ಡೇಸಿಯಾದ ದೊರೆ ಡೆಸೆಬಾಲಸ್ ಇದ್ದಾನೆ. ಬುಕಾರೆಸ್ಟಿನ ವಸ್ತುಸಂಗ್ರಹಾಲಯದಲ್ಲೂ ಈ ಸ್ತಂಭದ ಅಚ್ಚುಗಳಿವೆ, ಆದರೆ ಸುಚಾವಾದ ಹಳ್ಳಿಯ ಹುಡುಗನಿಗೆ ಬುಕಾರೆಸ್ಟ್ ದೂರವೇ ಆಗಿತ್ತು. ಪಠ್ಯಪುಸ್ತಕದಲ್ಲಿ ಕಂಡ ದೊರೆಯನ್ನು ಅವರು ಕಣ್ಣಾರೆ ನೋಡಿದ್ದು ಲಂಡನ್ನಿನಲ್ಲಿ, ಬಸ್ಸಿನ ಖರ್ಚಿನಲ್ಲಿ.

ಸಮುದ್ರದ ವಿಷಯವೂ ಹೇಳಲೇಬೇಕು. ರೊಮೇನಿಯಾದವರಿಗೆ ಕಪ್ಪು ಸಮುದ್ರ ಗೊತ್ತು. ಆ ಸಮುದ್ರದಲ್ಲಿ ಭರತ ಇಳಿತಗಳು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಬೇಸಿಗೆಯಲ್ಲಿ ಲಂಡನ್ನಿನಿಂದ ಸೌತೆಂಡ್‌ಗೆ ಹೋದವರಿಗೆ ದೊಡ್ಡ ಅಚ್ಚರಿ ಕಾದಿರುತ್ತದೆ. ಬೆಳಗ್ಗೆ ಮಕ್ಕಳು ಆಡುತ್ತಿದ್ದ ನೀರು ಮಧ್ಯಾಹ್ನದ ಊಟ ಮುಗಿಸುವಷ್ಟರಲ್ಲಿ ಒಂದೂವರೆ ಕಿಲೋಮೀಟರ್ ಹಿಂದೆ ಸರಿದು ಬರೀ ಕೆಸರು ಬಿದ್ದಿರುತ್ತದೆ. ಹಡಗುಗಳು ಅಷ್ಟು ದೂರದ ನೀರಿನಲ್ಲೇ ನಿಲ್ಲಬೇಕಾಗಿದ್ದರಿಂದ ಅಲ್ಲಿ ಸಮುದ್ರದೊಳಕ್ಕೆ ಚಾಚಿದ ಹಡಗುಕಟ್ಟೆಯನ್ನು 2 ಕಿಲೋಮೀಟರ್‌ಗಿಂತ ಉದ್ದವಾಗಿ ಕಟ್ಟಿದರು. ನಮ್ಮ ತರಗತಿಯಲ್ಲಿ ಒಂದು ಸಂಜೆಯೆಲ್ಲ ಚಂದ್ರ ಮತ್ತು ಭರತಗಳ ಮಾತೇ ಆಯಿತು. ಅಂದು ಅವರು ಆಡಿದಷ್ಟು ಇಂಗ್ಲಿಷನ್ನು ಪಾಠದ ಪುಸ್ತಕದಿಂದ ಆಡಿಸಲು ನನ್ನಿಂದ ಆಗುತ್ತಿರಲಿಲ್ಲ.

ಎಲ್ಲಕ್ಕಿಂತ ದೂರದ ಪ್ರಯಾಣ ಆ ಬಡಗಿ ದಂಪತಿಗಳು ಮಾಡಿದ್ದು ಉತ್ತರದ ಕಂಬ್ರಿಯಾಕ್ಕೆ, ಹೇಡ್ರಿಯನ್ ಗೋಡೆ ನೋಡಲು. ಟ್ರೇಜನ್ನನ ನಂತರ ಪಟ್ಟಕ್ಕೆ ಬಂದ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಕಟ್ಟಿಸತೊಡಗಿದ ಗಡಿಗೋಡೆ ಅದು. ಅಲ್ಲಿ ಬರ್ಡೋಸ್‌ವಾಲ್ಡ್ ಎಂಬ ಕೋಟೆಯಲ್ಲಿ ಬಹುಕಾಲ ಕಾವಲಿದ್ದ ಪಡೆ ಡೇಸಿಯನ್ನರದೇ. ಸೋತ ನಾಡಿನ ಯುವಕರನ್ನು ಸೈನ್ಯಕ್ಕೆ ಸೇರಿಸಿ ಸಾಮ್ರಾಜ್ಯದ ಇನ್ನೊಂದು ಅಂಚಿಗೆ ಕಳಿಸುವುದು ರೋಮನ್ನರ ಪದ್ಧತಿ. ಅಲ್ಲಿ ಸಿಕ್ಕ ಶಾಸನವೊಂದರ ಪಕ್ಕದಲ್ಲಿ ಡೇಸಿಯನ್ನರ ಬಾಗಿದ ಕತ್ತಿಯ ಕೆತ್ತನೆಯಿದೆ. ಡೆಸೆಬಾಲಸ್ ಎಂಬ ಹೆಸರಿನ ಒಂದು ಮಗುವಿನ ಸಮಾಧಿಕಲ್ಲೂ ದೊರೆತಿದೆ. ತಲೆಮಾರುಗಳು ಕಳೆದ ಮೇಲೂ ಆ ಸೈನಿಕರು ಮಕ್ಕಳಿಗೆ ಸೋತ ದೊರೆಯ ಹೆಸರನ್ನೇ ಇಡುತ್ತಿದ್ದರು. ಕೋಟೆಯೊಳಗೆ ಹೋಗಲು ಟಿಕೆಟ್ ಬೇಕು. ಗೋಡೆಯುದ್ದಕ್ಕೂ ಸಾಗುವ 135 ಕಿಲೋಮೀಟರ್‌ನ ಕಾಲುದಾರಿಗೆ ಬೇಡ, ಉಳಿದಿರುವ ಗೋಡೆಯ ಅತಿ ಉದ್ದದ ಅಖಂಡ ಭಾಗ ಇರುವುದೂ ಬರ್ಡೋಸ್‌ವಾಲ್ಡ್ ಪಕ್ಕದಲ್ಲೇ. ರೊಮೇನಿಯನ್ನರು ಇಂಗ್ಲೆಂಡಿಗೆ ಹೊಸಬರೆಂದು ಬರೆಯುವವರು ಒಮ್ಮೆ ಅಲ್ಲಿಗೆ ಹೋಗಿಬರಬೇಕೆಂದು ನನ್ನ ಆಸೆ.

ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟ ಮೇಲೆ ಇವರ ಸ್ಥಿತಿ ಬದಲಾಯಿತು. 2020ರ ಕೊನೆಯೊಳಗೆ ಬಂದು ನೆಲೆಸಿದ್ದವರು 2021ರ ಜೂನ್ 30ರೊಳಗೆ ಅರ್ಜಿ ಹಾಕಿ ಉಳಿಯುವ ಹಕ್ಕನ್ನು ದಾಖಲಿಸಿಕೊಳ್ಳಬೇಕಿತ್ತು. ಐದು ವರ್ಷ ತುಂಬಿದವರಿಗೆ ಕಾಯಂ ಹಕ್ಕು, ತುಂಬದವರಿಗೆ ತಾತ್ಕಾಲಿಕ. ಆ ಹಕ್ಕಿಗೆ ಕೈಯಲ್ಲಿ ಹಿಡಿದು ತೋರಿಸುವ ಕಾಗದವಿಲ್ಲ. ಎಲ್ಲವೂ ಅಂತರ್ಜಾಲದ ದಾಖಲೆ. ಮನೆ ಬಾಡಿಗೆಗೆ, ಹೊಸ ಕೆಲಸಕ್ಕೆ ಪ್ರತಿ ಸಲ ಫೋನಿನಲ್ಲಿ ಒಂದು ಸಂಕೇತ ತೆಗೆದುಕೊಡಬೇಕು. ಮಕ್ಕಳನ್ನು ನೋಡಲು ಬರುವ ಊರಿನ ಅಮ್ಮಂದಿರಿಗೆ ಮೊದಲು ಗುರುತಿನ ಚೀಟಿ ಸಾಕಿತ್ತು. 2021ರ ಅಕ್ಟೋಬರ್‌ನಿಂದ ಪಾಸ್‌ಪೋರ್ಟ್ ಬೇಕಾಯಿತು. 2025ರ ಏಪ್ರಿಲ್ 2ರಿಂದ ಪ್ರಯಾಣಕ್ಕೆ ಮುಂಚೆ ಅಂತರ್ಜಾಲದಲ್ಲಿ ಅನುಮತಿಯನ್ನೂ ಪಡೆಯಬೇಕು. ಅದಕ್ಕೆ ಆಗ 10 ಪೌಂಡ್ ಇದ್ದ ಶುಲ್ಕ ಒಂದೇ ವಾರದಲ್ಲಿ 16 ಆಯಿತು.

ಇಷ್ಟೆಲ್ಲ ಹೇಳಿದ ಮೇಲೆ ಈಗ ಅಲ್ಲಿ ನಡೆಯುತ್ತಿರುವ ಒಂದು ಚರ್ಚೆಯನ್ನು ನಿಮ್ಮ ಗಮನಕ್ಕೆ ತರಬೇಕು. ವಸ್ತುಸಂಗ್ರಹಾಲಯಗಳಿಗೆ ಹಣದ ಕೊರತೆಯಿದೆ, ಹೊರದೇಶದ ಪ್ರವಾಸಿಗಳಿಂದಲಾದರೂ ಶುಲ್ಕ ಪಡೆಯೋಣವೆಂದು ಕೆಲವರು ಸಲಹೆ ಕೊಟ್ಟಿದ್ದಾರೆ. ಹಣದ ತೊಂದರೆ ನಿಜ. ಆದರೂ ನಾನು ಈ ಸಲಹೆಯನ್ನು ಒಪ್ಪುವುದಿಲ್ಲ. ಯಾರು ನಿವಾಸಿ, ಯಾರು ಪ್ರವಾಸಿ ಎಂದು ಬಾಗಿಲಲ್ಲಿ ನಿಲ್ಲಿಸಿ ಕೇಳದೆ ಈ ಶುಲ್ಕ ವಸೂಲಿ ಮಾಡಲಾಗದು. ನುಡಿಯ ಧಾಟಿ ಬೇರೆಯಿರುವವರನ್ನೇ ಮೊದಲು ಕೇಳುತ್ತಾರೆ. ಬ್ಯಾಂಕಿನಲ್ಲಿ, ಬಾಡಿಗೆ ಏಜೆಂಟರ ಕಚೇರಿಯಲ್ಲಿ, ಚಿಕಿತ್ಸಾಲಯದಲ್ಲಿ ದಾಖಲೆ ತೋರಿಸಿ ಬಂದ ಬಡಗಿ ಟ್ರೇಜನ್ ಸ್ತಂಭದ ಮುಂದೆಯೂ ಫೋನು ತೆಗೆದು ಸಂಕೇತ ಹುಡುಕಬೇಕಾಗುತ್ತದೆ, ಜೊತೆಯಲ್ಲಿ ಬಂದ ಅವರ ತಾಯಿ ಟಿಕೆಟ್ ಕೊಳ್ಳಬೇಕಾಗುತ್ತದೆ. ಕೊರತೆಯನ್ನು ಹೋಟೆಲ್ ಕೋಣೆಗಳ ಮೇಲಿನ ಸಣ್ಣ ತೆರಿಗೆಯಿಂದ ತುಂಬಿಸಬಹುದೆಂಬ ವಾದವೂ ಅಲ್ಲಿ ಇದೆ. ನನ್ನ ಮತ ಆ ಕಡೆಗೆ.